ಎಬ್ಬಿಸಿ ನಿಲ್ಲಿಸುವ ಮುಂಚೆ: ಶಾಲಾ ಶಿಕ್ಷಕರಿಗೊಂದು ಬಹಿರಂಗ ಪತ್ರ

ಕರ್ನಾಟಕದ ಪ್ರಾಥಮಿಕ, ಪ್ರೌಢಶಾಲೆಗಳ ಮೇಷ್ಟ್ರುಗಳಿಗೆ, ಟೀಚರುಗಳಿಗೆ,



ಪ್ರಗತಿ ಪತ್ರದ ಷರಾ ಕಾಲಮಿನಲ್ಲಿ ಬೀಳುವ ಒಂದು ಮಾತು ನನಗೆ ಬಹಳ ದಿನದಿಂದ ಕಸಿವಿಸಿ ಮಾಡುತ್ತಿದೆ: ‘ಆತ್ಮವಿಶ್ವಾಸದ ಕೊರತೆ ಇದೆ.’ ಬರೆಯಲು ಸುಲಭದ ಮಾತು. ಮೇಲಿನವರು ಪ್ರಶ್ನೆ ಮಾಡುವುದಿಲ್ಲ, ಹೆತ್ತವರಿಗೆ ಬೈದ ಹಾಗೂ ಆಗುವುದಿಲ್ಲ. ಮಗುವಿನ ಬಗ್ಗೆ ಏನೋ ಒಂದನ್ನು ಆಳವಾಗಿ ಗಮನಿಸಿದ್ದೇವೆ ಎಂಬ ಸಮಾಧಾನ ನಮಗೂ ಸಿಗುತ್ತದೆ. ಆದರೆ ಒಂದು ಸಲ ಹಳೆಯ ದಾಖಲೆಗಳನ್ನು ತೆಗೆದು, ಈ ಷರಾ ಯಾರ ಹೆಸರಿನ ಮುಂದೆ ಹೆಚ್ಚು ಬಿದ್ದಿದೆ ಎಂದು ನೋಡಿ. ಕೇರಿಯಿಂದ ಬರುವವರು, ತಾಂಡಾದಿಂದ ಬರುವವರು, ಹಾಡಿಯಿಂದ ಬರುವವರು, ಮನೆಯಲ್ಲಿ ಬೇರೆ ಮಾತಾಡಿ ಶಾಲೆಗೆ ಬಂದು ಕನ್ನಡ ಕಲಿಯುವವರು. ಇಷ್ಟೊಂದು ಮಕ್ಕಳಿಗೆ ಒಂದೇ ಕೊರತೆ, ಅದೂ ಊರಿನ ಓಣಿಗಳ ಪ್ರಕಾರ ಹಂಚಿಕೆಯಾಗಿದೆ ಎಂದಾದರೆ, ಅದು ಅವರ ಎದೆಯೊಳಗೇ ಹುಟ್ಟಿದ ಕೊರತೆ ಎಂದು ನಂಬುವುದು ಹೇಗೆ?

ನಾನು ಹೇಳಬೇಕೆಂದಿರುವುದು ಇಷ್ಟೇ. ನಾವು ಆತ್ಮವಿಶ್ವಾಸದ ಕೊರತೆ ಎನ್ನುವುದು ಎಷ್ಟೋ ಸಲ ಮಗುವಿನ ಜಾಣತನ. ಈ ಕೋಣೆಯಲ್ಲಿ ತನ್ನ ಶ್ರಮಕ್ಕೆ ಎಷ್ಟು ಬೆಲೆ ಸಿಗುತ್ತದೆ ಎಂದು ಅದು ನಮ್ಮ ಮುಖ ನೋಡಿಯೇ ಲೆಕ್ಕ ಹಾಕಿರುತ್ತದೆ. ಆ ಲೆಕ್ಕ ಬಹುತೇಕ ಸರಿಯಾಗಿಯೇ ಇರುತ್ತದೆ.

ಇದು ಬರೀ ನನ್ನ ಅನಿಸಿಕೆಯಲ್ಲ. ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಎಂಬ ಇಬ್ಬರು ಸಂಶೋಧಕಿಯರು ಉತ್ತರ ಪ್ರದೇಶದ ಹಳ್ಳಿಗಾಡಿನಲ್ಲಿ ಆರನೇ, ಏಳನೇ ತರಗತಿಯ ಹುಡುಗರೊಂದಿಗೆ ಒಂದು ಪ್ರಯೋಗ ನಡೆಸಿದರು. 2004ರಲ್ಲಿ ವಿಶ್ವಬ್ಯಾಂಕಿನ ಪ್ರಬಂಧವಾಗಿ ಅದು ಹೊರಬಂತು. ಮಕ್ಕಳ ಪತ್ರಿಕೆಗಳಲ್ಲಿ ‘ಮೊಲಕ್ಕೆ ದಾರಿ ತೋರಿಸಿ’ ಎಂದು ಬರುತ್ತದಲ್ಲ, ಅಂಥ ಒಗಟುಗಳನ್ನು ಬಿಡಿಸಬೇಕು. ಸರಿಯಾಗಿ ಬಿಡಿಸಿದ ಪ್ರತಿಯೊಂದಕ್ಕೂ 1 ರೂಪಾಯಿ. ಒಂದೊಂದು ಗುಂಪಿನಲ್ಲಿ ಆರು ಹುಡುಗರು, ಮೂವರು ಮೇಲ್ಜಾತಿಯವರು, ಮೂವರು ದಲಿತರು. ಕೆಲವು ಗುಂಪುಗಳಲ್ಲಿ ಜಾತಿಯ ಸುದ್ದಿಯನ್ನೇ ಎತ್ತಲಿಲ್ಲ. ಅಲ್ಲಿ ಎರಡೂ ಕಡೆಯವರು ಸರಿಸಮ ಬಿಡಿಸಿದರು. ಅಂತರವೇ ಇಲ್ಲ. ಬೇರೆ ಗುಂಪುಗಳಲ್ಲಿ ಆಟ ಶುರುವಾಗುವ ಮುಂಚೆ ಒಬ್ಬೊಬ್ಬ ಹುಡುಗನ ಹೆಸರು, ಊರು, ಅಪ್ಪನ ಹೆಸರು, ಅಜ್ಜನ ಹೆಸರು, ಕೊನೆಗೆ ಜಾತಿ, ಇಷ್ಟನ್ನೂ ಎಲ್ಲರೆದುರು ಓದಿದರು. ಬೈಯಲಿಲ್ಲ, ಹೀಯಾಳಿಸಲಿಲ್ಲ, ಬರೀ ಓದಿದರು. ದಲಿತ ಹುಡುಗರು ಬಿಡಿಸಿದ ಒಗಟುಗಳ ಸಂಖ್ಯೆ ಸುಮಾರು ಐದನೇ ಒಂದು ಪಾಲು ಬಿದ್ದುಹೋಯಿತು. ಆ ಹುಡುಗರ ಬುದ್ಧಿ ಅದೇ, ಪೆನ್ಸಿಲ್ ಅದೇ, ಆಸೆಪಟ್ಟು ಬಂದ ರೂಪಾಯಿಯೂ ಅದೇ.

ಇಲ್ಲಿಗೆ ಕಥೆ ಮುಗಿದಿದ್ದರೆ ‘ಪಾಪ, ಕೀಳರಿಮೆ’ ಎಂದು ನಾವು ತಲೆಯಾಡಿಸಿ ಸುಮ್ಮನಾಗಬಹುದಿತ್ತು. ಸಂಶೋಧಕಿಯರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಬಹುಮಾನದ ವಿಷಯದಲ್ಲಿ ಚೀಟಿ ಎತ್ತುವ ಅದೃಷ್ಟವನ್ನು ಒಳಗೆ ತಂದರು. ಎಂದರೆ ಅಲ್ಲಿ ಮನುಷ್ಯರ ಕೈವಾಡವಿಲ್ಲ. ಜಾತಿಯನ್ನು ಆಗಲೂ ಕೂಗಿ ಹೇಳಿದ್ದರು. ಅಂತರ ಮಾಯವಾಯಿತು! ನಾನು ಕೀಳು ಎಂಬ ಭಾವನೆ ಹುಡುಗನ ಒಳಗೇ ಬೇರು ಬಿಟ್ಟಿದ್ದರೆ ಚೀಟಿ ಎತ್ತಿದರೂ ಅದು ಹೋಗುತ್ತಿರಲಿಲ್ಲ. ಅವನಿಗೆ ನಂಬಿಕೆ ಇಲ್ಲದಿದ್ದದ್ದು ತನ್ನ ಮೇಲಲ್ಲ, ಎದುರಿಗೆ ಕೂತು ಲೆಕ್ಕ ಹಾಕುವ ದೊಡ್ಡವರ ಮೇಲೆ. ಅಜ್ಜನ ಹೆಸರಿನ ಹಿಂದೆಯೇ ಜಾತಿ ಕೇಳಿಸಿದಾಗ ‘ಓ, ಇದು ಆ ಥರದ ಜಾಗ’ ಎಂದು ಅವನಿಗೆ ತಿಳಿಯಿತು. ಆ ಥರದ ಜಾಗದಲ್ಲಿ ಮೈಮುರಿದು ದುಡಿಯುವುದು ದಂಡ ಎಂದು ಅವನ ಮನೆಯವರು ತಲೆಮಾರುಗಳಿಂದ ಕಲಿತಿದ್ದಾರೆ.

ಇನ್ನೊಂದು ಸಂಗತಿ ಇದೆ, ಅದನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. ಜಾತಿ ಕೂಗಿ, ಜಾತಿವಾರು ಬೇರೆ ಬೇರೆ ಕೂರಿಸಿದಾಗ ಮೇಲ್ಜಾತಿಯ ಹುಡುಗರೂ ಕಡಿಮೆ ಬಿಡಿಸಿದರು. ನಾವು ಹೇಗಿದ್ದರೂ ಮೇಲಿನವರು ಎಂದು ಖಾತ್ರಿಯಾದ ಮೇಲೆ ಬೆವರು ಸುರಿಸುವ ಅಗತ್ಯವೇನು?

‘ನಮ್ಮ ಶಾಲೆಯಲ್ಲಿ ಯಾರೂ ಹಾಗೆ ಕೂಗುವುದಿಲ್ಲ’ ಎಂದು ನಿಮ್ಮಲ್ಲಿ ಹಲವರು ಹೇಳುತ್ತೀರಿ. ನಿಜವೇ ಇರಬಹುದು. ಆದರೆ ಜೂನ್ ತಿಂಗಳಲ್ಲಿ ವಿದ್ಯಾರ್ಥಿವೇತನದ ಕೆಲಸ ಶುರುವಾದಾಗ ಏನಾಗುತ್ತದೆ? ಮಧ್ಯಾಹ್ನದೊಳಗೆ ಮಾಹಿತಿ ಕೊಡಿ ಎಂದು ಬಿಇಒ ಕಚೇರಿಯಿಂದ ವಾಟ್ಸಾಪ್ ಬರುತ್ತದೆ. ತರಗತಿಯಲ್ಲಿ ನಲವತ್ತು ಮಕ್ಕಳಿದ್ದಾರೆ. ‘ಎಸ್‌ಸಿ–ಎಸ್‌ಟಿ ಮಕ್ಕಳು ಎದ್ದು ನಿಲ್ಲಿ, ಎಣಿಸಬೇಕು. ಕುಳಿತುಕೊಳ್ಳಿ. ಈಗ ಪ್ರವರ್ಗ ಒಂದು. ಈಗ ಟೂ-ಎ.’ ಎರಡು ನಿಮಿಷದ ಕೆಲಸ. ಉತ್ತರ ಪ್ರದೇಶದಲ್ಲಿ ಪ್ರಯೋಗಕ್ಕೆಂದು ಮಾಡಿದ್ದನ್ನು ನಾವು ಕಚೇರಿಯ ಅವಸರಕ್ಕೆ ಮಾಡುತ್ತೇವೆ, ಅದೂ ಬೆಳಗಿನ ಪ್ರಾರ್ಥನೆಯಲ್ಲಿ ಬಸವಣ್ಣನವರ ವಚನ ಹಾಡಿಸಿ ಬಂದ ಮೇಲೆ. ಪಟ್ಟಿ ಬೇಡ ಎನ್ನುತ್ತಿಲ್ಲ. ವಿದ್ಯಾರ್ಥಿವೇತನ ಆ ಮಕ್ಕಳ ಹಕ್ಕು, ಅದು ತಪ್ಪಬಾರದು. ದಾಖಲಾತಿಯ ಅರ್ಜಿಯಲ್ಲಿ ಆಗಲೇ ಬರೆದಿಟ್ಟಿರುವುದನ್ನು ಮಗುವಿನ ಬಾಯಲ್ಲಿ ಮತ್ತೊಮ್ಮೆ ಯಾಕೆ ಹೇಳಿಸಬೇಕು ಎಂಬುದಷ್ಟೇ ನನ್ನ ಪ್ರಶ್ನೆ.

2025ರ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಸಾಮಾಜಿಕ–ಶೈಕ್ಷಣಿಕ ಸಮೀಕ್ಷೆಗೆಂದು ನೀವೇ ಮನೆಮನೆ ಸುತ್ತಿದಿರಿ. ಜಾತಿಯ ಪ್ರಶ್ನೆ ಬಂದಾಗ ಬೆಳೆದ ಗಂಡಸರೂ ಅರೆಕ್ಷಣ ತಡೆದು, ಪಕ್ಕದ ಮನೆಯ ಜಗಲಿಯತ್ತ ಒಮ್ಮೆ ನೋಡಿ, ದನಿ ಇಳಿಸಿ ಉತ್ತರಿಸಿದ್ದನ್ನು ನಿಮ್ಮಲ್ಲಿ ಕೆಲವರಾದರೂ ಕಂಡಿರುತ್ತೀರಿ. ಅದು ಅವರದೇ ಹೊಸ್ತಿಲು, ಕೇಳುತ್ತಿದ್ದವರು ಒಬ್ಬರೇ. ಹತ್ತು ವರ್ಷದ ಹುಡುಗಿಗೆ ಅಂಥ ಹೊಸ್ತಿಲೂ ಇಲ್ಲ.

ಕೂಗುವುದು ಬಾಯಿಂದಲೇ ಆಗಬೇಕೆಂದೇನೂ ಇಲ್ಲ. ಯಾರ ಕೈಗೆ ಪೊರಕೆ ಕೊಡುತ್ತೇವೆ, ಯಾರನ್ನು ನೀರು ತರಲು ಕಳಿಸುತ್ತೇವೆ, ಯಾರನ್ನು ಕಳಿಸುವುದಿಲ್ಲ, ಎಲ್ಲವೂ ಕೂಗುತ್ತವೆ. 2023ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆ ಮಾಲೂರು ತಾಲ್ಲೂಕಿನ ವಸತಿ ಶಾಲೆಯೊಂದರಲ್ಲಿ ಮಕ್ಕಳನ್ನು ಶೌಚಗುಂಡಿಗೆ ಇಳಿಸಿದ ಸುದ್ದಿ ಬಂದಾಗ ನಾಡೆಲ್ಲ ಬೆಚ್ಚಿತು. ಅಷ್ಟು ದೊಡ್ಡದಾದರೆ ಎಲ್ಲರಿಗೂ ಕಾಣುತ್ತದೆ. ವಾರ್ಷಿಕೋತ್ಸವದ ಪಾತ್ರ ಹಂಚಿಕೆ ಯಾರಿಗೆ ಕಾಣುತ್ತದೆ? ಬಿಳಿ ಮೈಬಣ್ಣದ ಹುಡುಗಿ ಭಾರತಮಾತೆ, ಕಪ್ಪು ಹುಡುಗ ರಾಕ್ಷಸ. ‘ಮೇಕಪ್ಪೇ ಬೇಡ ನಿಂಗೆ’ ಎಂಬ ತಮಾಷೆ ಬೇರೆ. ತಮಟೆಗೆ ಯಾರು, ಸ್ವಾಗತ ಭಾಷಣಕ್ಕೆ ಯಾರು ಎಂಬುದು ಬಹಳ ಶಾಲೆಗಳಲ್ಲಿ ಯೋಚಿಸುವ ಮೊದಲೇ ತೀರ್ಮಾನವಾಗಿರುತ್ತದೆ.

ಮತ್ತೆ ಆ ‘ಹ’ಕಾರದ ಪೀಡೆ. ಹಳೇ ಮೈಸೂರು ಸೀಮೆಯಲ್ಲಿ ಹಾಲಿಗೆ ‘ಆಲು’ ಅನ್ನುವ ಮಗು ಗಟ್ಟಿಯಾಗಿ ಓದಲು ನಿಂತರೆ ತರಗತಿ ಗೊಳ್ಳೆನ್ನುತ್ತದೆ, ಕೆಲವು ಕಡೆ ಮೇಷ್ಟ್ರೇ ಮೊದಲು ನಗುತ್ತಾರೆ. ಧಾರವಾಡ, ಕಲಬುರಗಿಯ ಕಡೆಯಿಂದ ವರ್ಗವಾಗಿ ಬಂದವರ ಮಕ್ಕಳಿಗೆ ಬೆಂಗಳೂರಿನಲ್ಲಿ ಇನ್ನೊಂದು ಬಗೆಯ ನಗು, ಕುಂದಾಪುರದವರಿಗೆ ಮತ್ತೊಂದು. ಕನ್ನಡಿಗರಲ್ಲಿ ಹೆಚ್ಚಿನವರ ಆಡುಮಾತಿನಲ್ಲಿ ಮಹಾಪ್ರಾಣವೇ ಇಲ್ಲ ಎಂದು ಭಾಷಾವಿಜ್ಞಾನಿ ಡಿ.ಎನ್. ಶಂಕರ ಬಟ್ ಅವರು ಬರೆದೇ ಬರೆದರು. ಆದರೂ ನಮ್ಮ ತರಗತಿಗಳಲ್ಲಿ ಉಚ್ಚಾರಣೆಯೇ ಬುದ್ಧಿಯ ಅಳತೆಗೋಲು. ಒಮ್ಮೆ ನಗೆಗೀಡಾದ ಮಗು ಮುಂದೆ ಓದಲು ಕೈ ಎತ್ತುವುದಿಲ್ಲ. ಓದದ ಕಾರಣ ಓದು ಹಿಂದೆ ಬೀಳುತ್ತದೆ. ಆಮೇಲೆ ನಾವು ಆ ಷರಾ ಬರೆಯುತ್ತೇವೆ.

ಹೊಗಳಿಕೆ ಕೂಡ ಬೇಲಿಯಾಗಬಲ್ಲದು ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಒಂದು ಒಳ್ಳೆಯ ಉದಾಹರಣೆ ಇದೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ಭಾಗದ ಸಿದ್ದಿಗಳು ಆಫ್ರಿಕಾ ಮೂಲದವರು, ಶತಮಾನಗಳಿಂದ ಇಲ್ಲಿನವರು. ಕನ್ನಡ, ಕೊಂಕಣಿ, ಮರಾಠಿ ಅವರ ಮಾತುಗಳು. 1980ರ ದಶಕದ ಕೊನೆಯಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಅವರ ಮಕ್ಕಳನ್ನು ಹುಡುಕಿ ಹುಡುಕಿ ಓಟಕ್ಕೆ, ಅಥ್ಲೆಟಿಕ್ಸ್‌ಗೆ ಕರೆದೊಯ್ದಿತು. ಆಫ್ರಿಕನ್ನರ ರಕ್ತ, ಪದಕ ಗ್ಯಾರಂಟಿ ಎಂಬ ಆಸೆ. ಕೆಲವರು ಚೆನ್ನಾಗಿಯೇ ಓಡಿದರು. ಕೆಲವೇ ವರ್ಷಗಳಲ್ಲಿ ಯೋಜನೆ ನಿಂತುಹೋಯಿತು. ಊರಿಗೆ ಮರಳಿದ ಮಕ್ಕಳಿಗೆ ಓಟವೂ ಇಲ್ಲ, ನಡುವೆ ತುಂಡಾದ ಓದೂ ಇಲ್ಲ. ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದು 2003ರಲ್ಲಿ. ಅವರಲ್ಲೊಬ್ಬರು, ಶಾಂತಾರಾಮ ಸಿದ್ದಿ, ವಿಧಾನ ಪರಿಷತ್ತಿಗೆ ನಾಮಕರಣಗೊಂಡಿದ್ದು 2020ರಲ್ಲಿ. ಗಿರಿಜಾ ಸಿದ್ದಿಯಂಥ ಕಲಾವಿದರು ರಂಗಭೂಮಿಯಲ್ಲಿ, ಸಿನಿಮಾದಲ್ಲಿ ಹೆಸರು ಮಾಡಿದ್ದಾರೆ. ಇಷ್ಟಾದರೂ ಸಿದ್ದಿ ಹುಡುಗನೊಬ್ಬ ತರಗತಿಗೆ ಬಂದರೆ ‘ನೀನು ಓಟಕ್ಕೆ ಹುಟ್ಟಿದವನು’ ಎನ್ನುವವರು ಈಗಲೂ ಇದ್ದಾರೆ. ಅವನಿಗೆ ಓಡುವುದೆಂದರೆ ಆಗದೇ ಇರಬಹುದು, ರಸಾಯನಶಾಸ್ತ್ರ ಇಷ್ಟವಿರಬಹುದು. ತಾಂಡಾದ ಹುಡುಗಿಯರ ಕಥೆಯೂ ಇದೇ: ಗಣ್ಯರು ಬಂದಾಗಲೆಲ್ಲ ಲಂಬಾಣಿ ಕುಣಿತ. ಚಪ್ಪಾಳೆಗೇನೂ ಕೊರತೆಯಿಲ್ಲ, ಆದರೆ ರಸಪ್ರಶ್ನೆಯ ತಂಡದಲ್ಲಿ ಅವರ ಹೆಸರಿರುವುದಿಲ್ಲ.

ನಿಮ್ಮಲ್ಲಿ ಓದಿಕೊಂಡವರು ಒಂದು ಆಕ್ಷೇಪ ಎತ್ತಬಹುದು, ಎತ್ತಬೇಕು. 1995ರಲ್ಲಿ ಅಮೆರಿಕದ ಕ್ಲಾಡ್ ಸ್ಟೀಲ್ ಮತ್ತು ಜೋಶುವಾ ಅರಾನ್ಸನ್ ಅವರು ಕಪ್ಪು ವಿದ್ಯಾರ್ಥಿಗಳ ಮೇಲೆ ನಡೆಸಿದ ಅಧ್ಯಯನದಿಂದ ಇಂಥ ವಿಚಾರಗಳು ಪ್ರಸಿದ್ಧವಾದವು. ನಿನ್ನ ಬುದ್ಧಿಶಕ್ತಿ ಅಳೆಯುವ ಪರೀಕ್ಷೆ ಇದು ಎಂದರೆ ಸಾಕು, ಆ ವಿದ್ಯಾರ್ಥಿಗಳ ಅಂಕ ಕುಸಿಯುತ್ತದೆ ಎಂದು ಇಬ್ಬರೂ ತೋರಿಸಿದ್ದರು. ಮುಂದೆ ಅದನ್ನು ಹೆಣ್ಣುಮಕ್ಕಳು ಮತ್ತು ಗಣಿತಕ್ಕೂ ಹಚ್ಚಿದರು. ಆದರೆ 2018ರಲ್ಲಿ ನೆದರ್‌ಲೆಂಡ್ಸ್‌ನಲ್ಲಿ 2,000ಕ್ಕೂ ಹೆಚ್ಚು ಪ್ರೌಢಶಾಲಾ ಮಕ್ಕಳ ಮೇಲೆ ನಡೆದ ದೊಡ್ಡ ಅಧ್ಯಯನದಲ್ಲಿ ಹೆಣ್ಣುಮಕ್ಕಳ ಗಣಿತದ ಅಂಕಗಳ ಮೇಲೆ ಅಂಥ ಪರಿಣಾಮ ಕಾಣಲಿಲ್ಲ. ಮನೋವಿಜ್ಞಾನದಲ್ಲಿ ಹೀಗೆ ಆಗುತ್ತಿರುತ್ತದೆ. ಅದಕ್ಕೇ ಒಂದು ಪ್ರಯೋಗವನ್ನು ವೇದವಾಕ್ಯ ಮಾಡಿಕೊಳ್ಳಬಾರದು. ನನಗನಿಸುವುದು: ನೆದರ್‌ಲೆಂಡ್ಸ್‌ನ ಹುಡುಗಿಗೆ ಹುಡುಗಿಯಾಗಿರುವುದು ಆ ತರಗತಿಯಲ್ಲಿ ಸೋಲಿನ ಮುನ್ಸೂಚನೆ ಆಗಿರಲಿಲ್ಲವೇನೋ. ಹಣೆಪಟ್ಟಿಗೆ ತಾನಾಗಿಯೇ ಯಾವ ಮಂತ್ರಶಕ್ತಿಯೂ ಇಲ್ಲ. ಅದರ ಹಿಂದೆ ಒಂದು ಸಮಾಜ ನಿಂತಿದ್ದರೆ ಮಾತ್ರ ಅದು ಕಚ್ಚುತ್ತದೆ.

ಆ ಸಮಾಜದಲ್ಲಿ ನಾವೂ ಇದ್ದೇವೆ, ಯಾವ ಜಾತಿಯವರಾದರೂ ಸರಿ. ರೇಮಾ ಹನ್ನಾ ಮತ್ತು ಲೀ ಲಿಂಡನ್ ಎಂಬ ಸಂಶೋಧಕರು ಭಾರತದ ಒಂದು ನಗರದಲ್ಲಿ ಶಿಕ್ಷಕರಿಗೆ ಉತ್ತರಪತ್ರಿಕೆ ತಿದ್ದಲು ಕೊಟ್ಟರು. ಮೇಲಿನ ಹಾಳೆಯಲ್ಲಿ ಮಗುವಿನ ಜಾತಿಯನ್ನು ಯಾದೃಚ್ಛಿಕವಾಗಿ ಬದಲಿಸಿದ್ದರು. ಕೆಳಜಾತಿ ಎಂದು ಬರೆದ ಪತ್ರಿಕೆಗಳಿಗೆ ಸರಾಸರಿ ತುಸು ಕಡಿಮೆ ಅಂಕ ಬಿತ್ತು. ಅಂತರ ದೊಡ್ಡದಲ್ಲ, ಆದರೆ ಇತ್ತು. 2012ರಲ್ಲಿ ಪ್ರಕಟವಾದ ಈ ಅಧ್ಯಯನದ ಎರಡು ವಿವರಗಳನ್ನು ಎಲ್ಲ ತರಬೇತಿ ಶಿಬಿರಗಳಲ್ಲೂ ಹೇಳಬೇಕು. ಹಾಗೆ ಕಡಿಮೆ ಅಂಕ ಕೊಟ್ಟವರು ಮುಖ್ಯವಾಗಿ ಕೆಳಜಾತಿಯಿಂದಲೇ ಬಂದ ಶಿಕ್ಷಕರು. ಮತ್ತೆ, ತಾರತಮ್ಯ ಹೆಚ್ಚಾಗಿ ಕಂಡದ್ದು ತಿದ್ದುವ ಕೆಲಸದ ಆರಂಭದಲ್ಲಿ, ಅಳತೆ ಇನ್ನೂ ಕೈಗೆ ಹತ್ತದಿದ್ದಾಗ. ಮೊದಲನೆಯದನ್ನು ಹಿಡಿದುಕೊಂಡು ‘ನೋಡಿ, ಅವರವರೇ’ ಎಂದು ಕೈತೊಳೆದುಕೊಳ್ಳುವವರಿದ್ದಾರೆ. ನನಗೆ ಅದರಲ್ಲಿ ಬೇರೆಯದೇ ಕಾಣುತ್ತದೆ. ಹೊರಗಿನ ಅಳತೆಗೋಲನ್ನೇ ಇಟ್ಟುಕೊಂಡು ಓದಿ ಮೇಲೆ ಬಂದ ಮನುಷ್ಯ, ಅದೇ ಕೋಲಿನಿಂದ ತನ್ನ ಮಕ್ಕಳನ್ನೂ ಅಳೆಯುತ್ತಾನೆ, ಇನ್ನೂ ಬಿಗಿಯಾಗಿ. ಎರಡನೆಯದು ಮಾತ್ರ ನೇರವಾಗಿ ಬಳಕೆಗೆ ಬರುವ ಮಾತು: ಹೆಸರಿರುವ ಹಾಳೆ ಮಡಚಿ ತಿದ್ದಿ, ಕಟ್ಟಿನ ಮೊದಲ ಐದಾರು ಪತ್ರಿಕೆಗಳನ್ನು ಕೊನೆಯಲ್ಲಿ ಮತ್ತೊಮ್ಮೆ ನೋಡಿ.

ಮನಸ್ಸಿನ ಆರೋಗ್ಯದ ಮಾತಿಗೆ ಬರುತ್ತೇನೆ. ಸೋಮವಾರ ಬೆಳಿಗ್ಗೆ ಹೊಟ್ಟೆನೋವು, ಪರೀಕ್ಷೆಯ ದಿನ ತಲೆನೋವು, ‘ಮೈ ಬೆಚ್ಚಗಿದೆ ಸಾ’ ಎನ್ನುವ ಮಗು ನಾಟಕ ಮಾಡುತ್ತಿರುವುದಿಲ್ಲ. ನಮ್ಮ ಕಡೆ ಸಂಕಟ ಮೊದಲು ಮೈಯಲ್ಲೇ ಮಾತಾಡುವುದು. ಉಡುಪಿ ಸೀಮೆಯ ಕೋಟ ಗ್ರಾಮದಲ್ಲಿ ಮನೋವೈದ್ಯರಾದ ಮಾರಿಸ್ ಕಾರ್ಸ್ಟೇರ್ಸ್ ಮತ್ತು ಆರ್.ಎಲ್. ಕಪೂರ್ ನಡೆಸಿದ ಅಧ್ಯಯನ 1976ರಲ್ಲಿ ಪುಸ್ತಕವಾಗಿ ಬಂತು. ಬ್ರಾಹ್ಮಣರು, ಬಂಟರು, ಮೊಗೇರರು, ಬದಲಾಗುತ್ತಿದ್ದ ಅಳಿಯಸಂತಾನದ ಪದ್ಧತಿ, ವೈದ್ಯರು, ಮಂತ್ರವಾದಿಗಳು, ಪಾತ್ರಿಗಳು, ಎಲ್ಲವನ್ನೂ ಅವರು ಲೆಕ್ಕಕ್ಕೆ ತೆಗೆದುಕೊಂಡರು. ಮನಸ್ಸಿನ ತೊಂದರೆಯನ್ನು ಊರಿನಿಂದ ಬಿಡಿಸಿ ಆಸ್ಪತ್ರೆಯ ಕೋಣೆಯಲ್ಲಿಟ್ಟು ನೋಡಲಾಗದು ಎಂಬ ತಿಳಿವಳಿಕೆ ಅರ್ಧ ಶತಮಾನದ ಹಿಂದೆಯೇ ನಮ್ಮ ನೆಲದಲ್ಲಿ ಇತ್ತು. ಈಗ ನಾವು ಮಾಡುತ್ತಿರುವುದೇನು? ವರ್ಷಕ್ಕೊಮ್ಮೆ ‘ವ್ಯಕ್ತಿತ್ವ ವಿಕಸನ’ ಶಿಬಿರ. ಯಾರೋ ಕೋಟು ಹಾಕಿಕೊಂಡು ಬಂದು, ಎದೆ ಮುಟ್ಟಿಕೊಂಡು ‘ನಾನು ಗೆಲ್ಲುತ್ತೇನೆ’ ಎಂದು ಮೂರು ಸಲ ಕೂಗಿಸಿ ಹೋಗುತ್ತಾರೆ. ಮರುದಿನ ಪೊರಕೆ ಅದೇ ಹುಡುಗಿಯ ಕೈಗೆ. ಆಪ್ತಸಲಹೆ ಬೇಡ ಎನ್ನುತ್ತಿಲ್ಲ. ನಿಜಕ್ಕೂ ಕುಗ್ಗಿದ ಮಗುವಿದ್ದರೆ ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ಯಿರಿ, 14416ಕ್ಕೆ ಫೋನ್ ಮಾಡಿ; ಆ ಟೆಲಿ-ಮಾನಸ್ ಸೇವೆಯಲ್ಲಿ ಕನ್ನಡದಲ್ಲೇ ಮಾತಾಡಬಹುದು. ಆದರೆ ಕೋಣೆಯ ಗಾಳಿ ಕೆಟ್ಟಿರುವಾಗ ಮಗುವಿನ ಶ್ವಾಸಕೋಶಕ್ಕೆ ಮಾತ್ರ ಔಷಧಿ ಕೊಡುವುದು ಯಾವ ವೈದ್ಯ?

‘ನಾನು ಜಾತಿಯನ್ನೇ ನೋಡುವುದಿಲ್ಲ, ನನಗೆ ಎಲ್ಲ ಮಕ್ಕಳೂ ಒಂದೇ’ ಎನ್ನುವವರ ಬಗ್ಗೆಯೂ ಎರಡು ಮಾತು. ನಿಮ್ಮ ಮನಸ್ಸು ಒಳ್ಳೆಯದು, ಅನುಮಾನವಿಲ್ಲ. ಆದರೆ ನೀವು ನೋಡದಿದ್ದರೂ ಬೆಂಚುಗಳು ನೋಡುತ್ತವೆ. ಯಾರು ಯಾರ ಡಬ್ಬಿಯಿಂದ ತಿನ್ನುತ್ತಾರೆ, ಯಾರ ಬಾಟಲಿಯ ನೀರನ್ನು ಯಾರು ಕುಡಿಯುವುದಿಲ್ಲ ಎಂಬ ಕಾನೂನು ಮಕ್ಕಳಿಗೆ ಮನೆಯಿಂದಲೇ ಬಂದಿರುತ್ತದೆ. ಅಂಬೇಡ್ಕರ್ ತಮ್ಮ ಬಾಲ್ಯದ ಶಾಲೆಯನ್ನು ನೆನೆದಿದ್ದಾರೆ: ಕೂರಲು ಬೇರೆ ಗೋಣಿತಟ್ಟು, ಶಾಲೆಯ ಆಳು ಅದನ್ನು ಮುಟ್ಟುವುದಿಲ್ಲವಾದ್ದರಿಂದ ದಿನಾ ಮನೆಗೆ ಹೊತ್ತೊಯ್ದು ಮರುದಿನ ತರಬೇಕು, ಜವಾನ ಬರದಿದ್ದ ದಿನ ನೀರಿಲ್ಲ. ಆ ಶಾಲೆಯಲ್ಲೂ ಒಳ್ಳೆಯ ಮನಸ್ಸಿನ ಒಬ್ಬಿಬ್ಬರು ಮೇಷ್ಟ್ರು ಇದ್ದಿರಬಹುದು. ಅವರ ಒಳ್ಳೆಯತನ ಆ ಗೋಣಿತಟ್ಟಿನ ಜಾಗವನ್ನು ಒಂದಡಿಯಷ್ಟೂ ಸರಿಸಲಿಲ್ಲ.

ಹಾಗೆಂದು ಜಾತಿಯನ್ನು ಮುಚ್ಚಿಡಬೇಕಾದ ಗಾಯದಂತೆ ಕಾಣುವುದೂ ತಪ್ಪೇ. 1970ರ ದಶಕದಲ್ಲಿ ಸಿದ್ದಲಿಂಗಯ್ಯ, ದೇವನೂರ ಮಹಾದೇವ ಮೊದಲಾದವರ ಬರವಣಿಗೆಯಿಂದ, ದಲಿತ ಸಂಘರ್ಷ ಸಮಿತಿಯ ಮೆರವಣಿಗೆಗಳಿಂದ ಈ ನಾಡಿನ ಎಷ್ಟೋ ಯುವಕರು ತಮ್ಮ ಕೇರಿಯ ಹೆಸರನ್ನು ತಲೆಯೆತ್ತಿ ಹೇಳಲು ಕಲಿತರು. ತಾನೇ ಹೇಳಿಕೊಳ್ಳುವುದು ಬೇರೆ, ಬೇರೆಯವರು ಎಬ್ಬಿಸಿ ನಿಲ್ಲಿಸಿ ಹೇಳಿಸುವುದು ಬೇರೆ. ಸಮಾಜ ವಿಜ್ಞಾನದ ಪಾಠದಲ್ಲಿ ಜಾತಿಯ ಬಗ್ಗೆ ಮಾತಾಡಿ, ಚೆನ್ನಾಗಿ ಮಾತಾಡಿ. ಆದರೆ ತರಗತಿಯಲ್ಲಿರುವ ದಲಿತ ಹುಡುಗನತ್ತ ಕಣ್ಣು ಹಾಯಿಸಿ ‘ನಿಮ್ಮವರ ಬಗ್ಗೆ’ ಎಂದು ಶುರು ಮಾಡಬೇಡಿ.

ಬೆರೆತು ಕೂತರೆ ಏನಾಗುತ್ತದೆ ಎಂಬುದಕ್ಕೂ ಆಧಾರವಿದೆ. ದೆಹಲಿಯ ಶ್ರೀಮಂತ ಖಾಸಗಿ ಶಾಲೆಗಳು ಬಡ ಮಕ್ಕಳನ್ನು ಸೇರಿಸಿಕೊಳ್ಳಲೇಬೇಕಾಗಿ ಬಂದಾಗ, ಗೌತಮ್ ರಾವ್ ಎಂಬ ಅರ್ಥಶಾಸ್ತ್ರಜ್ಞ ಶ್ರೀಮಂತ ಮಕ್ಕಳನ್ನೇ ಅಧ್ಯಯನ ಮಾಡಿದರು. ಬಡ ಸಹಪಾಠಿಗಳ ಜೊತೆ ಕಲಿತವರು ಹೆಚ್ಚು ಉದಾರಿಗಳಾದರು, ಬಡವರನ್ನು ದೂರವಿಡುವುದು ಕಡಿಮೆಯಾಯಿತು. ನಮ್ಮ ಸರ್ಕಾರಿ ಶಾಲೆಗಳಲ್ಲಿ ಇದಕ್ಕೆ ಬೇಕಾದ ವ್ಯವಸ್ಥೆ ಆಗಲೇ ಇದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ-ಕಲಿಯಲ್ಲಿ ಮಕ್ಕಳು ಕಲಿಕೆಯ ಹಂತದ ಪ್ರಕಾರ ಗುಂಪಾಗುತ್ತಾರೆ, ಕಲಿತ ಹಾಗೆ ಗುಂಪು ಬದಲಾಗುತ್ತದೆ. ಯಾವ ಮಗುವಿಗೂ ಕಾಯಂ ಹಿಂದಿನ ಬೆಂಚು ಎಂಬುದಿಲ್ಲ. ನಾಲ್ಕನೇ ತರಗತಿಗೆ ಬಂದೊಡನೆ ಅದನ್ನು ಮರೆತು ಬೆಂಚು ಕಾಯಂ ಮಾಡುತ್ತೇವಲ್ಲ, ಅದೇ ನನಗೆ ಅರ್ಥವಾಗದ್ದು. ಬಿಸಿಯೂಟದ್ದೂ ಹಾಗೆಯೇ. ಮೊಟ್ಟೆ ತಿನ್ನುವವರಿಗೆ ಮೊಟ್ಟೆ, ಒಲ್ಲದವರಿಗೆ ಬಾಳೆಹಣ್ಣು, ಅಲ್ಲಿಗೆ ಯಾರ ಊಟದ ಹಕ್ಕೂ ಕೆಡುವುದಿಲ್ಲ. ಆದರೆ ಮೊಟ್ಟೆಯ ಸಾಲು ಅಲ್ಲಿ, ಹಣ್ಣಿನ ಸಾಲು ಇಲ್ಲಿ ಎಂದು ಬೇರೆ ಮಾಡಿದ ಗಳಿಗೆಯಲ್ಲಿ ಅಂಗಳದ ಮೇಲೆ ಊರಿನ ನಕ್ಷೆ ಬರೆದಂತಾಯಿತು. ಒಂದೇ ಸಾಲಿನಲ್ಲಿ ಕೂರಿಸಿ ಎರಡನ್ನೂ ಬಡಿಸಲು ಯಾವ ಸುತ್ತೋಲೆಯೂ ಬೇಕಿಲ್ಲ.

ಮುಖ್ಯ ಶಿಕ್ಷಕರಲ್ಲಿ ಒಂದು ಬೇಡಿಕೆ ಇದೆ. ಈ ಸಲ ವಿದ್ಯಾರ್ಥಿವೇತನದ ಮಾಹಿತಿಯನ್ನು ದಾಖಲಾತಿ ಪುಸ್ತಕದಿಂದಲೇ ತೆಗೆಯಿರಿ. ಬಿಟ್ಟುಹೋದದ್ದಿದ್ದರೆ ಪೋಷಕರ ಸಭೆಯ ದಿನ ಕಚೇರಿಯ ಕೋಣೆಯಲ್ಲಿ ತಾಯಿಯನ್ನೋ ತಂದೆಯನ್ನೋ ಕೇಳಿ. ಬಿಇಒ ಕಚೇರಿಯವರು ಮಧ್ಯಾಹ್ನದೊಳಗೆ ಬೇಕು ಎಂದರೆ, ನಾಳೆ ಕೊಡುತ್ತೇವೆ ಎಂದು ಹೇಳಿ. ಅವರು ರೇಗಿದರೆ ಈ ಪತ್ರವನ್ನು ಅವರಿಗೂ ಕಳಿಸಿ. ಜಗಳವಾಡಲು ನಾನು ಸಿದ್ಧ.

ಇತಿ,
ತರಬೇತಿ ಕೊಠಡಿಗಳಲ್ಲಿ ನಿಮ್ಮೊಡನೆ ಚರ್ಚೆಗಿಳಿಯುವ
ಹಳೆಯ ಸಹೋದ್ಯೋಗಿ